ಕಾಡಿನಿಂದ ತಂದ ಸ್ಪ್ರೂಸ್ ಕುಂಡ ಬದಲಿಸಿದ ಮೇಲೆ ಸೊರಗಿದರೆ: ದೋಷ ಹುಡುಕುವ ಬಗೆ

ಸ್ಪ್ರೂಸ್, ಅಂದರೆ ಚಳಿನಾಡಿನ ಸೂಜಿ ಎಲೆಯ ಮರ, ತನ್ನ ಸಂಕಟವನ್ನು ತುಂಬ ತಡವಾಗಿ ತೋರಿಸುತ್ತದೆ. ಕ್ರಿಸ್‌ಮಸ್‌ಗೆಂದು ಬುಡದಲ್ಲೇ ಕಡಿದು ತಂದ ಸ್ಪ್ರೂಸ್ ಬೇರೇ ಇಲ್ಲದೆ ವಾರಗಟ್ಟಲೆ ಹಸಿರಾಗಿ ನಿಂತಿರುತ್ತದೆ, ಅಲ್ವಾ? ಕುಂಡದಲ್ಲಿರುವ ಮರವೂ ಹಾಗೆಯೇ. ಏಪ್ರಿಲ್‌ನಲ್ಲಿ ಬೇರು ಸತ್ತಿರಬಹುದು. ಸೂಜಿ ಎಲೆ ಬಣ್ಣ ಕಳೆದುಕೊಳ್ಳುವುದು ಜುಲೈನಲ್ಲಿ, ಅಲ್ಲಿನ ನಡು ಬೇಸಿಗೆಯಲ್ಲಿ. ಆಗ ನೋಡಿದವರು ಜುಲೈ ಬಿಸಿಲನ್ನು ದೂರುತ್ತಾರೆ, ನೀರು ಜಾಸ್ತಿ ಹಾಕುತ್ತಾರೆ. ಉಳಿದ ಬೇರೂ ಕೊಳೆಯುತ್ತದೆ.

ಅದಕ್ಕೇ ನಾನು ಇಲ್ಲಿ ಎಲೆಯಿಂದ ಶುರು ಮಾಡುವುದಿಲ್ಲ. ಮೊದಲು ಬುಡ. ಆಮೇಲೆ ನೀರು. ಆಮೇಲೆ ಕಳೆದ ಒಂದು ವರ್ಷದಲ್ಲಿ ಮರಕ್ಕೆ ಏನೇನು ಮಾಡಿದೆವು ಎಂಬ ಲೆಕ್ಕ. ಎಲೆ ಕೊನೆಗೆ.

ಇದು ನರ್ಸರಿ ಗಿಡಕ್ಕೆ ಬರೆದದ್ದಲ್ಲ. ಬಂಡೆ ಸಂದಿಯಿಂದಲೋ ಜೌಗು ನೆಲದಿಂದಲೋ ಅಗೆದು ತಂದ ಹಳೆಯ ಮರಗಳಿಗೆ, ಅಂದರೆ ಬೋನ್ಸಾಯ್ ಮಾಡುವವರು ಯಮದೋರಿ ಎನ್ನುವ ಮರಗಳಿಗೆ ಬರೆದದ್ದು. ರಾಕಿ ಪರ್ವತಗಳ ಎಂಗಲ್‌ಮನ್ ಸ್ಪ್ರೂಸ್, ಉತ್ತರ ಅಮೆರಿಕದ ಬಿಳಿ ಸ್ಪ್ರೂಸ್ ಮತ್ತು ಕಪ್ಪು ಸ್ಪ್ರೂಸ್, ಯುರೋಪಿನ ನಾರ್ವೆ ಸ್ಪ್ರೂಸ್, ಹೊಕ್ಕೈಡೊದ ಎಜೊ ಸ್ಪ್ರೂಸ್ ಎಲ್ಲಕ್ಕೂ ಹೊಂದುತ್ತದೆ. ಜಾತಿ ಬೇರೆಯಾದರೂ ಕುಂಡದಲ್ಲಿ ಕೆಡುವ ಬಗೆ ಹೆಚ್ಚುಕಡಿಮೆ ಒಂದೇ.

ಮೊದಲು ಕಾಂಡ ಅಲುಗಿಸಿ ನೋಡಿ

ಕಾಂಡವನ್ನು ಬುಡದ ಹತ್ತಿರ ಹಿಡಿದು ಮೆಲ್ಲಗೆ ಆಚೀಚೆ ತಳ್ಳಿ. ಮರದ ಜೊತೆ ಕುಂಡವೂ ಅಲುಗಬೇಕು. ಮರ ಮಾತ್ರ ಅಲುಗಿ ಬುಡದ ಸುತ್ತ ಮಣ್ಣು ಬಿರುಕು ಬಿಟ್ಟರೆ ಮೊದಲ ದೋಷ ಸಿಕ್ಕಿತು ಅನ್ನಿ. ಹೊಸ ಬೇರಿನ ತುದಿ ತೀರಾ ನವಿರು. ಗಾಳಿ ಬೀಸಿದಾಗಲೆಲ್ಲ ಅದು ಮುರಿಯುತ್ತದೆ. ಮರ ಮತ್ತೆ ಬೇರು ಬಿಡುತ್ತದೆ, ಅದೂ ಮುರಿಯುತ್ತದೆ. ಮರದಲ್ಲಿ ಕೂಡಿಟ್ಟ ಶಕ್ತಿಯೆಲ್ಲ ಹೀಗೇ ಖರ್ಚಾಗಿ ಹೋಗುತ್ತದೆ.

ಇದನ್ನು ಸರಿಪಡಿಸಲು ಮರವನ್ನು ಕುಂಡದಿಂದ ತೆಗೆಯಬೇಕಿಲ್ಲ. ಕುಂಡವನ್ನೇ ಸುತ್ತು ಹಾಕಿ ತಂತಿ ಕಟ್ಟಿ, ಅಲ್ಲಿಂದ ಮೂರು ನಾಲ್ಕು ದಿಕ್ಕಿಗೆ ಕಾಂಡವನ್ನು ಬಿಗಿಯಿರಿ. ತೊಗಟೆಗೆ ತಾಗುವ ಕಡೆ ರಬ್ಬರ್ ತುಂಡು ಇಡಿ. ಮುಂದಿನ ಸಲ ಕುಂಡ ಬದಲಿಸುವಾಗ ಅಡಿಯ ತೂತುಗಳಿಂದಲೇ ತಂತಿ ತಂದು ಬೇರಿನ ಉಂಡೆಯನ್ನು ಕಟ್ಟಿಬಿಡಿ. ಕಾಡಿನ ಸ್ಪ್ರೂಸ್‌ಗೆ ಹಲವು ಸಲ ತಂತಿ ಹಿಡಿಯುವಂಥ ದಪ್ಪ ಬೇರೇ ಇರುವುದಿಲ್ಲ. ಆಗ ಉಂಡೆಯ ಮೇಲೆ ಅಡ್ಡಡ್ಡವಾಗಿ ಬಿದಿರಿನ ಕಡ್ಡಿ ಇಟ್ಟು, ಕಡ್ಡಿಯ ಮೇಲೆ ತಂತಿ ಬಿಗಿದರೆ ಉಂಡೆ ಸೀಳುವುದಿಲ್ಲ.

ನೀರು ಎಲ್ಲಿಗೆ ಹೋಗುತ್ತಿದೆ?

ಇಲ್ಲಿ ಅವಸರ ಬೇಡ. ನಾನು ನೋಡಿದ ಮಟ್ಟಿಗೆ ಅಗೆದು ತಂದ ಸ್ಪ್ರೂಸ್‌ಗಳಿಗೆ ಬರುವ ತೊಂದರೆಗಳಲ್ಲಿ ಜಾಸ್ತಿ ಪಾಲು ಇಲ್ಲೇ ಇರುತ್ತದೆ.

ಕಾಡಿನ ಮರ ತನ್ನ ಜೊತೆ ಹಳೆ ಮಣ್ಣಿನ ಉಂಡೆಯನ್ನು ತಂದಿರುತ್ತದೆ. ಕೊಳೆತ ಸೂಜಿ, ಪಾಚಿ, ಕಪ್ಪು ಮಣ್ಣು ಎಲ್ಲ ಸೇರಿದ ಉಂಡೆ. ಅದರ ಸುತ್ತ ನಾವು ಅಕಡಾಮಾ (ಜಪಾನಿನ ಜೇಡಿಮಣ್ಣಿನ ಹರಳು), ಪ್ಯೂಮಿಸ್ (ಹಗುರವಾದ, ತೂತು ತೂತಾದ ಜ್ವಾಲಾಮುಖಿ ಕಲ್ಲು), ಲಾವಾ ಹರಳು ತುಂಬುತ್ತೇವೆ. ಈಗ ಒಂದೇ ಕುಂಡದಲ್ಲಿ ಎರಡು ಬಗೆಯ ಮಣ್ಣು ಇದೆ. ಎರಡೂ ನೀರನ್ನು ಬೇರೆ ಬೇರೆ ರೀತಿ ನಡೆಸಿಕೊಳ್ಳುತ್ತವೆ. ಇದರಿಂದ ಒಂದಕ್ಕೊಂದು ತದ್ವಿರುದ್ಧವಾದ ಎರಡು ದೋಷ ಹುಟ್ಟುತ್ತವೆ. ಮೇಲೆ ಕಾಣುವ ಲಕ್ಷಣ ಮಾತ್ರ ಒಂದೇ: ಮಂಕಾದ ಸೂಜಿ.

ಮೊದಲನೆಯದು, ನಡುವಿನ ಉಂಡೆ ಒಣಗಿರುವುದು. ಕೊಳೆತ ಎಲೆಯ ಮಣ್ಣು ಒಮ್ಮೆ ಪೂರ್ತಿ ಒಣಗಿತೆಂದರೆ ನೀರನ್ನು ಹೀರುವುದಿಲ್ಲ, ತಳ್ಳಿಬಿಡುತ್ತದೆ. ಹಾಕಿದ ನೀರು ಸುತ್ತಲಿನ ಹರಳಿನ ಸಂದಿಯಲ್ಲಿ ಇಳಿದು ಕೆಳಗೆ ಸುರಿಯುತ್ತದೆ. ನೋಡಿದವರಿಗೆ ನೀರು ಚೆನ್ನಾಗಿ ಬಸಿಯುತ್ತಿದೆ ಅನ್ನಿಸುತ್ತದೆ. ಬೇರುಗಳಿರುವ ಕಡೆ ಒಂದು ಹನಿಯೂ ತಲುಪಿರುವುದಿಲ್ಲ.

ಎರಡನೆಯದು, ನಡುವಿನ ಉಂಡೆ ಸದಾ ನೆನೆದಿರುವುದು. ಸಣ್ಣ ಕಣದ ಮಣ್ಣು ನೀರನ್ನು ಬಿಗಿಯಾಗಿ ಹಿಡಿಯುತ್ತದೆ. ಅದು ಪೂರ್ತಿ ತುಂಬುವ ತನಕ ದೊಡ್ಡ ಹರಳಿನ ಕಡೆಗೆ ನೀರು ಬಿಟ್ಟುಕೊಡುವುದಿಲ್ಲ. ಮೇಲಿನ ಹರಳು ಒಣಗಿ ಬೆಳ್ಳಗಾಗಿರುತ್ತದೆ. ಅದನ್ನು ನೋಡಿ ಮತ್ತೆ ನೀರು ಹಾಕುತ್ತೇವೆ. ಒಳಗೆ ಗಾಳಿ ಇಲ್ಲದೆ ಬೇರು ಉಸಿರುಗಟ್ಟುತ್ತದೆ.

ಯಾವುದು ಎಂದು ತಿಳಿಯಲು ಊಟದ ಚಾಪ್‌ಸ್ಟಿಕ್‌ನಂಥ ಬಣ್ಣವಿಲ್ಲದ ಮರದ ಕಡ್ಡಿ ಸಾಕು. ನೀರು ಹಾಕಿ ಹತ್ತು ನಿಮಿಷ ಬಿಡಿ. ಕಡ್ಡಿಯನ್ನು ಕಾಂಡದ ಹತ್ತಿರ, ಹಳೆ ಉಂಡೆಯ ಒಳಕ್ಕೆ ಚುಚ್ಚಿ. ಇನ್ನೊಂದನ್ನು ಕುಂಡದ ಅಂಚಿನಲ್ಲಿ ಚುಚ್ಚಿ. ಸ್ವಲ್ಪ ಹೊತ್ತು ಬಿಟ್ಟು ತೆಗೆದು ನೋಡಿ. ಅಂಚಿನದು ಒದ್ದೆ, ನಡುವಿನದು ಒಣ ಎಂದರೆ ಮೊದಲನೆಯ ದೋಷ. ಎರಡು ಮೂರು ದಿನ ನೀರೇ ಹಾಕದಿದ್ದರೂ ನಡುವಿನ ಕಡ್ಡಿ ಕಪ್ಪಗೆ ಒದ್ದೆಯಾಗಿ, ಹುಳಿ ವಾಸನೆಯೊಂದಿಗೆ ಬಂದರೆ ಎರಡನೆಯದು.

ಉಂಡೆ ಒಣಗಿದ್ದರೆ ಇಡೀ ಕುಂಡವನ್ನು ನೀರಿನ ತೊಟ್ಟಿಯಲ್ಲಿ ಅಂಚಿನ ತನಕ ಮುಳುಗಿಸಿ. ಗುಳ್ಳೆ ಬರುವುದು ನಿಲ್ಲುವ ತನಕ ಇಡಿ. ಆಮೇಲೆ ತೆಳು ಕಡ್ಡಿಯಿಂದ ಉಂಡೆಯಲ್ಲಿ ಅಲ್ಲಲ್ಲಿ ನೇರ ತೂತು ಮಾಡಿ ಸಣ್ಣ ಪ್ಯೂಮಿಸ್ ತುಂಬಿ. ಮೇಲೆ ಚೂರು ಮಾಡಿದ ಪಾಚಿಯ ತೆಳು ಪದರ ಹಾಸಿದರೆ ಮೇಲ್ಮೈ ಮತ್ತೆ ಗಡುಸಾಗುವುದಿಲ್ಲ. ಉಂಡೆ ನೆನೆದಿದ್ದರೂ ತೂತು ಮತ್ತು ಪ್ಯೂಮಿಸ್ ಉಪಾಯ ಅದೇ. ಆದರೆ ಆಗ ಪಾಚಿ ಬೇಡ. ಕುಂಡದ ಒಂದು ಬದಿಗೆ ಮರದ ತುಂಡು ಕೊಟ್ಟು ಓರೆಯಾಗಿ ನಿಲ್ಲಿಸಿ.

ಓರೆ ಮಾಡುವುದು ಪರೀಕ್ಷೆಯೂ ಹೌದು. ನೀರು ಹಾಕಿ, ಬಸಿಯುವುದು ನಿಂತ ಮೇಲೆ ಕುಂಡವನ್ನು ಒಂದು ಬದಿಗೆ ಎತ್ತಿ. ಮತ್ತೆ ಧಾರೆಯಾಗಿ ನೀರು ಬಂದರೆ ಅಡಿಯಲ್ಲಿ ನೀರು ನಿಂತ ಪದರ ದಪ್ಪವಾಗಿದೆ ಎಂದು ಅರ್ಥ. ಈ ಪದರದ ಎತ್ತರ ನಿರ್ಧಾರವಾಗುವುದು ಹರಳಿನ ಗಾತ್ರದಿಂದ, ಕುಂಡದ ಆಳದಿಂದಲ್ಲ. ಅಂದರೆ ಆಳದ ಪೆಟ್ಟಿಗೆಯಲ್ಲಿ ಚೆನ್ನಾಗಿದ್ದ ಅದೇ ಮಿಶ್ರಣ ತೆಳು ಬೋನ್ಸಾಯ್ ಕುಂಡದಲ್ಲಿ ಬೇರನ್ನು ಮುಳುಗಿಸಬಹುದು. ಸುಂದರವಾದ ತೆಳು ಕುಂಡಕ್ಕೆ ಬೇಗ ಹಾಕುವ ಆಸೆಯನ್ನು ತಡೆದುಕೊಳ್ಳಿ ಎಂದು ನಾನು ಹೇಳುವುದು ಇದಕ್ಕೇ. ಮೊದಲ ವರ್ಷಗಳಲ್ಲಿ ಸ್ಪ್ರೂಸ್‌ಗೆ ಮರದ ಪೆಟ್ಟಿಗೆ ಮತ್ತು ಪ್ಯೂಮಿಸ್ ಒಳ್ಳೆಯದು. ಹರಳು 3ರಿಂದ 6 ಮಿಲಿಮೀಟರ್ ಇರಲಿ. ಜರಡಿ ಹಿಡಿದು ಪುಡಿಯನ್ನು ತೆಗೆದೇ ತುಂಬಿ. ಆ ಪುಡಿಯೆಲ್ಲ ಇಳಿದು ಅಡಿಯಲ್ಲಿ ಕೆಸರಾಗುತ್ತದೆ.

ಬೇರು ಸತ್ತಿದೆಯಾ ಎಂದು ನೋಡಲೇಬೇಕೆಂದರೆ ಅಂಚಿನಲ್ಲಿ ಒಂದು ಕಡೆ ಮಾತ್ರ ಕೆದಕಿ. ಬಣ್ಣ ನೋಡಿ ತೀರ್ಮಾನಿಸಬೇಡಿ. ಶಿಲೀಂಧ್ರದ ಜೊತೆ ಬಾಳುವ ಸ್ಪ್ರೂಸ್ ಬೇರು ಕಂದಾಗಿ, ಮೋಟಾಗಿ ಕವಲೊಡೆದಿರುವುದು ಸಹಜ. ಬೆರಳಿನಿಂದ ಎಳೆದಾಗ ಸಿಪ್ಪೆ ಜಾರಿ ಒಳಗಿನ ನಾರು ಮಾತ್ರ ಉಳಿದರೆ ಆ ಬೇರು ಸತ್ತಿದೆ. ಬಿಳಿ ಕಂಡಾಕ್ಷಣ ಔಷಧಿ ಹೊಡೆಯುವುದೂ ಬೇಡ. ಮಣ್ಣಿನ ನಡುವೆ ಎಳೆ ಎಳೆಯಾಗಿ ಹಬ್ಬಿದ ಬಿಳಿ ಮೈಕೋರೈಜಾ, ಅಂದರೆ ಬೇರಿನ ಜೊತೆ ಬಾಳುವ ಆ ಶಿಲೀಂಧ್ರವೇ, ಆಗಿರಬಹುದು. ಅದು ಮರಕ್ಕೆ ಬೇಕಾದದ್ದು. ಕುಂಡದ ಗೋಡೆಗೆ ಅಂಟಿದ ನೀಲಿ ಛಾಯೆಯ ಮೇಣದಂಥ ಬಿಳಿ ಕಲೆ, ಅದರಲ್ಲಿ ಹರಿದಾಡುವ ಪುಟ್ಟ ಜೀವಿಗಳು ಕಂಡರೆ ಅದು ಬೇರಿನ ಹೇನು.

ಒಂದು ವರ್ಷದ ಲೆಕ್ಕ

ಈಗ ಹಿಂದಕ್ಕೆ ಹೋಗಿ. ಯಾವ ತಿಂಗಳಲ್ಲಿ ಅಗೆದದ್ದು, ಯಾವಾಗ ಕುಂಡ ಬದಲಿಸಿದ್ದು, ಬೇರು ಎಷ್ಟು ತೆಗೆದದ್ದು, ಕೊಂಬೆ ಬಾಗಿಸಲು ತಂತಿ ಸುತ್ತಿದ್ದು ಯಾವಾಗ, ಗೊಬ್ಬರ ಯಾವಾಗ ಎಂದು ಒಂದು ಹಾಳೆಯಲ್ಲಿ ಬರೆಯಿರಿ.

ಸ್ಪ್ರೂಸ್‌ನ ಈ ವರ್ಷದ ಚಿಗುರು ಹೋದ ಬೇಸಿಗೆಯ ಕೊನೆಯಿಂದ ಶರತ್ಕಾಲದೊಳಗೆ ಮೊಗ್ಗಿನಲ್ಲೇ ತಯಾರಾಗಿರುತ್ತದೆ. ಹಾಗಾಗಿ ಈ ವಸಂತದಲ್ಲಿ ಚಿಗುರು ಚೆನ್ನಾಗಿ ಬಂದರೆ ಅದು ಹೋದ ವರ್ಷದ ಆರೋಗ್ಯದ ಸುದ್ದಿ. ಈಗಿನ ಬೇರಿನ ಸುದ್ದಿಯಲ್ಲ. ಕುಂಡ ಬದಲಿಸಿದ ವಸಂತದಲ್ಲಿ ಮೊಗ್ಗು ಒಡೆದದ್ದು ನೋಡಿ ಮರ ಹಿಡಿದುಕೊಂಡಿತು ಎಂದುಕೊಳ್ಳುವವರು ಬಹಳ. ನಿಜವಾದ ಪರೀಕ್ಷೆ ಅದರ ಮುಂದಿನ ವಸಂತದಲ್ಲಿ. ಆಗ ಚಿಗುರು ಹೋದ ವರ್ಷದ ಅರ್ಧವೂ ಇಲ್ಲದಿದ್ದರೆ, ಮೊಗ್ಗು ಸಣ್ಣದಾಗಿದ್ದರೆ, ಬೇರು ಇನ್ನೂ ನೆಲೆಯಾಗಿಲ್ಲ. ಆ ವರ್ಷ ಕತ್ತರಿ, ತಂತಿ ಎರಡನ್ನೂ ಒಳಗಿಡಿ.

ಕುಂಡ ಬದಲಿಸಲು ಸರಿಯಾದ ಹೊತ್ತು ಮೊಗ್ಗು ಉಬ್ಬತೊಡಗಿದಾಗ, ಅದರ ಕಂದು ಟೋಪಿ ಬೀಳುವ ಮೊದಲು. ಬೇಸಿಗೆಯ ಕೊನೆಯಲ್ಲಿ, ಚಿಗುರು ಗಟ್ಟಿಯಾದ ಮೇಲೂ ಮಾಡಬಹುದು. ಆದರೆ ಹೆಪ್ಪುಗಟ್ಟುವ ಚಳಿ ಬರುವ ಮೊದಲು ಬೇರಿಗೆ ಸಾಕಷ್ಟು ವಾರ ಸಿಗಬೇಕು. ಎಳೆ ಚಿಗುರು ಜೋತಾಡುತ್ತಿರುವಾಗ ಬೇರು ಮುಟ್ಟಿದರೆ ಆ ಚಿಗುರು ಬಾಡುತ್ತದೆ. ಹಳೆ ಮಣ್ಣನ್ನು ಒಂದೇ ಸಲ ಪೂರ್ತಿ ತೊಳೆಯುವುದನ್ನು ನಾನು ಒಪ್ಪುವುದಿಲ್ಲ. ಒಂದು ಸಲಕ್ಕೆ ಅರ್ಧ ಉಂಡೆ ಬಿಡಿಸಿ. ಉಳಿದ ಅರ್ಧ ಎರಡು ಮೂರು ವರ್ಷದ ಮೇಲೆ. ಬೇರಿನ ಕೆಲಸ ಮಾಡಿದ ವರ್ಷ ದೊಡ್ಡ ಬಾಗಿಸುವ ಕೆಲಸ ಬೇಡ. ಈ ಎರಡನ್ನೂ ಒಂದೇ ವರ್ಷದಲ್ಲಿ ಮಾಡಿದ್ದು ನಿಮ್ಮ ಹಾಳೆಯಲ್ಲಿ ಕಂಡರೆ ಬೇರೆ ಕಾರಣ ಹುಡುಕುವ ಮೊದಲು ಅಲ್ಲೇ ನಿಲ್ಲಿ.

ಈಗ ಸೂಜಿ ನೋಡಿ

ಬಣ್ಣಕ್ಕಿಂತ ಜಾಗ ಮುಖ್ಯ. ಕಂದು ಬಣ್ಣ ಮರದ ಎಲ್ಲೆಲ್ಲಿ ಇದೆ ಎಂದು ದೂರ ನಿಂತು ನೋಡಿ.

ಒಳಗಿನ ಹಳೆ ಸೂಜಿ ಮಾತ್ರ ಶರತ್ಕಾಲದಲ್ಲಿ ಹಳದಿಯಾಗಿ ಉದುರಿದರೆ ಅದು ಸಹಜ. ಸೂಜಿ ಉದುರಿದ ಜಾಗದಲ್ಲಿ ಪುಟ್ಟ ಗೂಟಗಳು ಉಳಿದು ರೆಂಬೆ ಒರಟಾಗುವುದು ಸ್ಪ್ರೂಸ್‌ನ ಗುರುತೇ.

ಒಂದೇ ಬದಿ, ಅದೂ ಗಾಳಿ ಅಥವಾ ಬಿಸಿಲು ಬೀಳುವ ಬದಿ, ಚಳಿಗಾಲದ ಕೊನೆಗೆ ಕಂದಾದರೆ ಅದು ಚಳಿಗಾಲದ ಒಣಗು. ಕುಂಡದ ಮಣ್ಣು ಹೆಪ್ಪುಗಟ್ಟಿ ನೀರು ಸಿಗದಿದ್ದಾಗ ಬಿಸಿಲು ಸೂಜಿಯ ನೀರನ್ನು ಎಳೆದಿರುತ್ತದೆ. ಮರವನ್ನು ಮನೆಯೊಳಗೆ ತರಬೇಡಿ. ಸ್ಪ್ರೂಸ್‌ಗೆ ಚಳಿಗಾಲದ ನಿದ್ದೆ ಬೇಕೇ ಬೇಕು. ಹೆಪ್ಪುಗಟ್ಟುವ ಮೊದಲು ನೀರು ಕೊಟ್ಟು, ಕುಂಡವನ್ನು ನೆಲದ ಮೇಲಿಟ್ಟು ಸುತ್ತ ತೊಗಟೆ ಚೂರು ಮುಚ್ಚಿ, ಗಾಳಿಗೆ ಮರೆ ಮಾಡಿ. ಇನ್ನು ಹೊಸ ಚಿಗುರು ಮಾತ್ರ ಒಂದೇ ರಾತ್ರಿಯಲ್ಲಿ ಜೋತುಬಿದ್ದು ಕಂದಾದರೆ ಅದು ತಡವಾಗಿ ಬಂದ ಹಿಮ. ಅದಕ್ಕೆ ಏನೂ ಮಾಡಬೇಕಿಲ್ಲ, ಉಳಿದ ಮೊಗ್ಗು ಎದ್ದು ಬರುತ್ತವೆ.

ಸೂಜಿಯ ಮೇಲೆ ಪುಡಿ ಪುಡಿ ಹಳದಿ ಚುಕ್ಕೆ, ಮಂಕು ಬಣ್ಣ ಇದ್ದರೆ ರೆಂಬೆಯ ಕೆಳಗೆ ಬಿಳಿ ಹಾಳೆ ಹಿಡಿದು ತಟ್ಟಿ. ಚುಕ್ಕೆಗಳು ನಿಧಾನಕ್ಕೆ ನಡೆಯತೊಡಗಿದರೆ ಅದು ಸ್ಪ್ರೂಸ್ ನುಸಿ. ಸರಸರ ಓಡುವವು ಸಾಮಾನ್ಯವಾಗಿ ನುಸಿಯನ್ನು ತಿನ್ನುವ ನುಸಿ, ಅವು ಇರಲಿ. ಸ್ಪ್ರೂಸ್ ನುಸಿ ತಂಪಿನಲ್ಲಿ ಹೆಚ್ಚುತ್ತದೆ, ವಸಂತ ಮತ್ತು ಶರತ್ಕಾಲದಲ್ಲಿ. ಹಾನಿ ಎದ್ದು ಕಾಣುವುದು ಬೇಸಿಗೆಯಲ್ಲಿ. ಅಷ್ಟರಲ್ಲಿ ನುಸಿಯ ಹಾವಳಿ ತಗ್ಗಿರುತ್ತದೆ. ಜೋರು ನೀರಿನಿಂದ ಸೂಜಿಯ ಅಡಿ ತೊಳೆಯುವುದು ಒಳ್ಳೆಯ ಮೊದಲ ಹೆಜ್ಜೆ. ತೋಟದ ಎಣ್ಣೆ (ಗಿಡದ ಕೀಟಕ್ಕೆ ಹೊಡೆಯುವ ಹಾರ್ಟಿಕಲ್ಚರಲ್ ಆಯಿಲ್) ಸಿಂಪಡಿಸುವುದಾದರೆ ನೆನಪಿಡಿ: ನೀಲಿ ಸ್ಪ್ರೂಸ್ ಸೂಜಿಯ ಮೇಲಿನ ನೀಲಿ ಲೇಪ ಎಣ್ಣೆಗೆ ಹೋಗಿಬಿಡುತ್ತದೆ.

ಕೆಳ ಕೊಂಬೆಗಳಿಂದ ಶುರುವಾಗಿ, ಹೋದ ವರ್ಷದ ಸೂಜಿಗಳು ನೇರಳೆ ಕಂದಾಗಿ ಉದುರುತ್ತಿದ್ದರೆ, ತುದಿಯ ಹೊಸ ಸೂಜಿ ಹಸಿರೇ ಇದ್ದರೆ, ಭೂತಗನ್ನಡಿ ಹಿಡಿಯಿರಿ. ಸೂಜಿಯ ಮೇಲೆ ಉದ್ದುದ್ದಕ್ಕೆ ಸಣ್ಣ ಬಿಳಿ ಚುಕ್ಕೆಗಳ ಸಾಲು ಇರಬೇಕು. ಅವು ಉಸಿರಾಟದ ರಂಧ್ರಗಳು. ಆ ಸಾಲಿನಲ್ಲಿ ಕರಿ ಚುಕ್ಕೆಗಳು ಎದ್ದಿದ್ದರೆ ಅದು ರೈಜೋಸ್ಫೀರಾ ಎಂಬ ಶಿಲೀಂಧ್ರ. ಸೋಂಕು ತಗಲುವುದು ಎಳೆ ಸೂಜಿಗೆ, ವಸಂತದಲ್ಲಿ. ಕಣ್ಣಿಗೆ ಕಾಣುವಷ್ಟರಲ್ಲಿ ತಿಂಗಳುಗಳೇ ಕಳೆದಿರುತ್ತವೆ. ಉದುರಿದ ಸೂಜಿ ಗುಡಿಸಿ ಎಸೆಯಿರಿ. ಎಲೆ ಮೇಲೆ ನೀರು ಚಿಮುಕಿಸುವುದು ನಿಲ್ಲಿಸಿ. ತಾಮ್ರದ ಔಷಧಿ ಹೊಡೆಯುವುದಿದ್ದರೆ ಮುಂದಿನ ವಸಂತದಲ್ಲಿ ಹೊಸ ಸೂಜಿ ಅರ್ಧ ಬೆಳೆದಾಗ. ಈಗ ಹೊಡೆದರೆ ಉಪಯೋಗವಿಲ್ಲ.

ಸೂಜಿಯ ತುದಿ ಮಾತ್ರ ಸುಟ್ಟಂತಾದರೆ ಗೊಬ್ಬರದ ಉಪ್ಪು ಅಥವಾ ಗಡುಸು ನೀರನ್ನು ಅನುಮಾನಿಸಿ. ತಲೆಯಿಂದ ಬುಡದವರೆಗೆ ಇಡೀ ಮರ ಮಂಕಾಗಿ ಬೂದಿ ಹಸಿರಾದರೆ ಮಾತ್ರ ಬೇರಿನ ಕಡೆ ವಾಪಸ್ ಹೋಗಿ.

ತಂತಿ ಸುತ್ತಿದ ಮೇಲೆ ಒಂದೇ ಕೊಂಬೆ ಸತ್ತರೆ

ಮರವೆಲ್ಲ ಹಸಿರು, ಒಂದು ಕೊಂಬೆ ಮಾತ್ರ ಕಂದು. ಇದು ಸಾಮಾನ್ಯವಾಗಿ ಬಾಗಿಸುವಾಗ ಆದ ಪೆಟ್ಟು. ಎಲ್ಲಿಂದ ಕಂದಾಗಿದೆ ನೋಡಿ. ಒಂದು ತಿರುವಿನಿಂದ ಆಚೆಗೆ ಮಾತ್ರ ಕಂದಾಗಿದ್ದು, ಆ ತಿರುವಿನಲ್ಲಿ ಅಂಟು ಒಸರಿದ್ದರೆ, ಅಲ್ಲಿ ತೊಗಟೆ ಒಳಗೇ ಬಿಟ್ಟುಕೊಂಡಿದೆ. ವಸಂತದಲ್ಲಿ ರಸ ಏರುವಾಗ ತೊಗಟೆ ಮರದಿಂದ ಸುಲಭವಾಗಿ ಜಾರುತ್ತದೆ. ಆಗ ತಿರುಚಿದರೆ ಹೀಗಾಗುತ್ತದೆ. ದೊಡ್ಡ ಬಾಗುಗಳಿಗೆ ಶರತ್ಕಾಲದ ಕೊನೆ ಒಳ್ಳೆಯದು, ಆಮೇಲೆ ಮರ ಹೆಪ್ಪುಗಟ್ಟದಂತೆ ಕಾಯಬೇಕು. ಸೂಜಿಗಳನ್ನು ತಂತಿಯ ಕೆಳಗೆ ಒತ್ತಿ ಸುತ್ತಿದ್ದರೂ ರೆಂಬೆ ಸೊರಗುತ್ತದೆ.

ಕೊಂಬೆ ಸತ್ತಿತು ಎಂದು ಕತ್ತರಿಸುವ ಮೊದಲು ತುದಿಯ ಒಂದು ಮೊಗ್ಗನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ. ಒಳಗೆ ಹಸಿರಿದ್ದರೆ ಬಿಡಿ, ಮರುವರ್ಷ ಚಿಗುರಬಹುದು. ಕಂದಾಗಿದ್ದರೆ ಇನ್ನೆರಡು ಮೊಗ್ಗು ನೋಡಿ ತೀರ್ಮಾನಿಸಿ. ಒಂದು ಮಾತು: ಸ್ಪ್ರೂಸ್‌ನಲ್ಲಿ ಸೂಜಿ ಇಲ್ಲದ ಬೋಳು ಕೊಂಬೆ ಮತ್ತೆ ಚಿಗುರುವುದು ಅಪರೂಪ. ಹಸಿರು ತುದಿ ಉಳಿಸದೆ ಕೊಂಬೆಯನ್ನು ಮೊಟಕು ಮಾಡಿದ್ದರೆ ಅದು ಸತ್ತದ್ದು ರೋಗದಿಂದಲ್ಲ, ಕತ್ತರಿಯಿಂದ.

ತಂತಿ ಬಿಚ್ಚಿದ ಕೂಡಲೇ ಕೊಂಬೆ ಮೇಲೆದ್ದಿತು ಎಂಬ ದೂರು ಬಹಳ ಕೇಳುತ್ತೇನೆ. ಇದು ದೋಷವೇ ಅಲ್ಲ. ಸ್ಪ್ರೂಸ್ ಕೊಂಬೆ ಸುಲಭವಾಗಿ ಬಾಗುತ್ತದೆ, ಆದರೆ ಬಾಗಿದಲ್ಲಿ ನಿಲ್ಲಲು ವರ್ಷಗಳು ಬೇಕು. ಎರಡು ಮೂರು ಸಲ ಮತ್ತೆ ಸುತ್ತಬೇಕಾಗುತ್ತದೆ. ತಂತಿಯ ದಪ್ಪ ಕೊಂಬೆಯ ಮೂರನೇ ಒಂದು ಭಾಗದಷ್ಟಿರಲಿ, ಕಾಯಿಸಿ ಮೆದು ಮಾಡಿದ ತಾಮ್ರವಾದರೆ ಹಿಡಿತ ಚೆನ್ನ. ಬಾಗು ಕೊಂಬೆಯ ನಡುವೆ ಬಂದರೆ ಅದು ಮೇಲೇಳುತ್ತಲೇ ಇರುತ್ತದೆ. ಕಾಂಡಕ್ಕೆ ಕೂಡುವ ಜಾಗದಲ್ಲೇ ಬಾಗಿಸಿ. ಅಲ್ಲಿ ದಪ್ಪಗಿದ್ದರೆ ರಫಿಯಾ (ತಾಳೆ ಜಾತಿಯ ಮರದ ನಾರು) ಸುತ್ತಿ, ಎಳೆತಂತಿ ಕಟ್ಟಿ ವಾರಕ್ಕಿಷ್ಟು ಬಿಗಿಯುತ್ತಾ ಹೋಗಿ. ಬೇಸಿಗೆಯ ಕೊನೆಯಲ್ಲಿ ಕೊಂಬೆ ದಪ್ಪಗಾಗುವಾಗ ತಂತಿ ತೊಗಟೆಯೊಳಗೆ ಹೂತುಕೊಳ್ಳುತ್ತಿದೆಯಾ ನೋಡುತ್ತಿರಿ. ತೆಗೆಯುವಾಗ ಸುತ್ತು ಬಿಚ್ಚಬೇಡಿ. ತುಂಡು ತುಂಡಾಗಿ ಕತ್ತರಿಸಿ ತೆಗೆಯಿರಿ.

ತಲೆ ಸೊಂಪಾಗಿ, ಕೆಳ ಕೊಂಬೆ ವರ್ಷದಿಂದ ವರ್ಷಕ್ಕೆ ಬಡವಾಗುತ್ತಿದ್ದರೆ ನೀವು ಎಲ್ಲ ಚಿಗುರನ್ನೂ ಒಂದೇ ಸಮ ಚಿವುಟುತ್ತಿದ್ದೀರಿ. ಮೇಲಿನದನ್ನು ಮಾತ್ರ ಚಿವುಟಿ. ಕೆಳಗಿನ ತುದಿಗಳನ್ನು ಒಂದೆರಡು ವರ್ಷ ಸುಮ್ನೆ ಬೆಳೆಯಲು ಬಿಡಿ.

ಲಕ್ಷಣಗಳನ್ನು ಒಟ್ಟಿಗೆ ಓದುವುದು

ಹೀಗೊಂದು ಮರ ಊಹಿಸಿಕೊಳ್ಳಿ. ಎಂಗಲ್‌ಮನ್ ಸ್ಪ್ರೂಸ್. ವಸಂತದಲ್ಲಿ ಕುಂಡ ಬದಲಿಸಿದ್ದಾರೆ. ಚಿಗುರು ಚೆನ್ನಾಗಿಯೇ ಬಂತು. ಬೇಸಿಗೆಯ ನಡುವೆ ಇಡೀ ಮರ ಮಂಕಾಯಿತು. ಮಾಲೀಕರು ನುಸಿ ಎಂದುಕೊಂಡು ಎಣ್ಣೆ ಹೊಡೆದರು. ಹಾಳೆ ತಟ್ಟಿದರೆ ಏನೂ ಬೀಳುವುದಿಲ್ಲ. ಕಾಂಡ ಅಲುಗುವುದಿಲ್ಲ. ಅಂಚಿನ ಕಡ್ಡಿ ಒದ್ದೆ, ನಡುವಿನದು ಒಣ. ಕುಂಡ ಕಪ್ಪು ಪ್ಲಾಸ್ಟಿಕ್, ಮಧ್ಯಾಹ್ನದ ಬಿಸಿಲು ನೇರ ಬೀಳುತ್ತದೆ. ಇಲ್ಲಿ ಎರಡು ಕಾರಣ ಕೂಡಿವೆ. ಉಂಡೆ ನೀರು ಕುಡಿಯುತ್ತಿಲ್ಲ, ಹೊರಗಿನ ಹೊಸ ಬೇರು ಕಾದ ಗೋಡೆಗೆ ತಾಗಿ ಬೇಯುತ್ತಿದೆ. ಮಣ್ಣಿನ ಬಿಸಿ 40 ಡಿಗ್ರಿಗೆ ಹತ್ತಿರವಾದರೆ ನವಿರು ಬೇರು ಸಾಯತೊಡಗುತ್ತದೆ. ಮೊದಲು ಮುಳುಗಿಸುವುದು, ಆಮೇಲೆ ಕುಂಡಕ್ಕೆ ನೆರಳು, ಮರಕ್ಕೆ ಬೆಳಗಿನ ಬಿಸಿಲು ಮಾತ್ರ. ಗೊಬ್ಬರ ಬೇಡ. ಮತ್ತೆ ಕುಂಡ ಬದಲಿಸುವುದಂತೂ ಬೇಡವೇ ಬೇಡ. ಮಂಕಾದ ಸೂಜಿ ಮತ್ತೆ ಹೊಳೆಯದಿರಬಹುದು. ಅದನ್ನು ನೋಡಿ ಗಾಬರಿಯಾಗದೆ ಶರತ್ಕಾಲದಲ್ಲಿ ಮೊಗ್ಗು ದಪ್ಪಗೆ ಕೂತಿವೆಯಾ ನೋಡಿ. ಕೂತಿದ್ದರೆ ಮರ ಬದುಕುತ್ತಿದೆ.

ಒಂದು ಕೊಂಬೆ ಕೊನೆಗೂ ಹೋದರೆ ಅದನ್ನು ಬುಡಕ್ಕೆ ಸಮ ಕತ್ತರಿಸಲು ಹೋಗಬೇಡಿ. ಉದ್ದ ಬಿಟ್ಟು ಒಂದು ವರ್ಷ ಕಾಯಿರಿ. ಸತ್ತ ಭಾಗ ಎಲ್ಲಿ ನಿಲ್ಲುತ್ತದೆ ಎಂದು ಆಗ ಸ್ಪಷ್ಟವಾಗುತ್ತದೆ. ಜೀವಂತ ತೊಗಟೆಯ ಗೆರೆ ಮುಟ್ಟದೆ ಮೇಲಿನ ಒಣ ಸಿಪ್ಪೆ ಸುಲಿದು, ಇಕ್ಕಳದಿಂದ ನಾರು ನಾರಾಗಿ ಎಳೆದು ಜಿನ್ (ಅಲಂಕಾರಕ್ಕೆ ಉಳಿಸಿಕೊಳ್ಳುವ ಸಿಪ್ಪೆ ಸುಲಿದ ಸತ್ತ ಕೊಂಬೆ) ಮಾಡಿ. ಆ ಸುಲಿದ ಕಟ್ಟಿಗೆ ಒಣಗಿದ ಮೇಲೆ ಸುಣ್ಣ ಗಂಧಕದ ದ್ರಾವಣ ಹಚ್ಚಿ, ಹಚ್ಚುವಾಗ ಮಣ್ಣಿನ ಮೇಲೆ ಪ್ಲಾಸ್ಟಿಕ್ ಮುಚ್ಚಿರಲಿ. ಸ್ಪ್ರೂಸ್ ಮರದ ಒಣ ಕಟ್ಟಿಗೆ ಮೆದು, ಬೇಗ ಕೊಳೆಯುತ್ತದೆ. ಹಾಗಾಗಿ ದ್ರಾವಣವನ್ನು ಆಗಾಗ ಮತ್ತೆ ಹಚ್ಚುತ್ತಿರಬೇಕು.